ಕೋಣೆಯ ಬಾಗಿಲು ಕೊಳ್ಳುವಾಗ ಕದಕ್ಕಿಂತ ಮೊದಲು ಸಂದು ನೋಡಿ

ಮಾನ್ಯ ಸಂಪಾದಕರೇ,

ಮನೆಯೊಳಗಿನ ಕೋಣೆಗಳಿಗೆ ‘ಸೌಂಡ್‌ಪ್ರೂಫ್ ಬಾಗಿಲು’ ಹಾಕಿಸಬೇಕೆಂದು ವಿಚಾರಿಸುವವರು ನಮ್ಮ ನಗರಗಳಲ್ಲಿ ಈಗ ಹೆಚ್ಚಾಗಿದ್ದಾರೆ. ಮನೆಯಿಂದಲೇ ಕಚೇರಿ ಕೆಲಸ ಮಾಡುವವರು, ರಾತ್ರಿ ಪಾಳಿ ಮುಗಿಸಿ ಬಂದು ಹಗಲಿನಲ್ಲಿ ನಿದ್ದೆ ಮಾಡಬೇಕಾದವರು, ಪಿಯುಸಿ ಪರೀಕ್ಷೆಗೆ ಓದುವ ಮಕ್ಕಳ ತಂದೆತಾಯಿ, ಮನೆಯಲ್ಲೇ ಮೃದಂಗ ಅಥವಾ ವಯೊಲಿನ್ ಪಾಠ ಹೇಳುವವರು, ಹೀಗೆ ಇವರೆಲ್ಲರ ಅಗತ್ಯವೂ ನಿಜವಾದದ್ದು. ಆದರೆ ಮನೆ ಕಟ್ಟಿಸುವ ಕೆಲಸದ ಮೇಲ್ವಿಚಾರಣೆಯಲ್ಲಿ ಬಹುಕಾಲ ದುಡಿದ ನನಗೆ, ಇವರು ಹಣ ಹಾಕುತ್ತಿರುವ ಜಾಗದ ಬಗ್ಗೆ ಕಳವಳವಿದೆ. ಕದ ಎಷ್ಟು ದಪ್ಪ, ಯಾವ ಮರ, ಮೇಲಿನ ಲ್ಯಾಮಿನೇಟ್ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಕದದ ಸುತ್ತ ಎಷ್ಟು ಸಂದು ಉಳಿಯುತ್ತದೆ ಎಂದು ಕೇಳುವವರು ತೀರ ವಿರಳ. ಶಬ್ದ ನುಗ್ಗುವುದು ಮುಖ್ಯವಾಗಿ ಆ ಸಂದಿನಿಂದಲೇ.

ಲೆಕ್ಕ ಸರಳವಾಗಿದೆ. ಏಳು ಅಡಿ ಎತ್ತರ, ಮೂರು ಅಡಿ ಅಗಲದ ಬಾಗಿಲಿನ ವಿಸ್ತೀರ್ಣ 3,024 ಚದರ ಇಂಚು. ಅದರ ಕೆಳಗೆ ಅರ್ಧ ಇಂಚು ಸಂದು ಬಿಟ್ಟರೆ ಆ ತೆರಪು 18 ಚದರ ಇಂಚು, ಅಂದರೆ ನೂರರಲ್ಲಿ ಒಂದು ಪಾಲೂ ಅಲ್ಲ. ಆದರೂ ಆ ಒಂದು ಸಂದು ಇರುವವರೆಗೆ ಇಡೀ ಬಾಗಿಲು ತಡೆಯಬಲ್ಲ ಶಬ್ದ ಸುಮಾರು 22 ಡೆಸಿಬೆಲ್‌ಗಿಂತ ಹೆಚ್ಚಾಗದು. ಕದ ತೇಗದ್ದಾಗಲಿ, ಉಕ್ಕಿನದಾಗಲಿ, ಫಲಿತಾಂಶ ಅಷ್ಟೇ. ನಮ್ಮ ಬಹುತೇಕ ಫ್ಲ್ಯಾಟ್‌ಗಳ ಕೋಣೆ ಬಾಗಿಲುಗಳ ಕೆಳಗೆ ಒಂದು ಬೆರಳು ತೂರುವಷ್ಟು ಜಾಗವನ್ನು ಬೇಕೆಂದೇ ಬಿಟ್ಟಿರುತ್ತಾರೆ, ಏಕೆಂದರೆ ಟೈಲ್ಸ್ ಹಾಕಿದ ಮೇಲೆ ಕದ ನೆಲಕ್ಕೆ ಉಜ್ಜಬಾರದು. ಹಳೆಯ ಮನೆಗಳಲ್ಲಿ ಒಳಕೋಣೆಗಳಿಗೂ ನಾಲ್ಕು ಬದಿಯ ಬಾಗಿಲವಾಡ ಇರುತ್ತಿತ್ತು, ಕದ ಬಂದು ಹೊಸ್ತಿಲಿಗೆ ತಾಗಿ ನಿಲ್ಲುತ್ತಿತ್ತು. ಇಂದಿನ ಒಳಬಾಗಿಲುಗಳಿಗೆ ಮೂರೇ ಬದಿ. ಎಡವಿ ಬೀಳುವ ಭಯವಿರುವ ಹಿರಿಯರಿಗೂ ಗಾಲಿಕುರ್ಚಿ ಬಳಸುವವರಿಗೂ ಸಮತಟ್ಟಾದ ನೆಲವೇ ಒಳ್ಳೆಯದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಹೊಸ್ತಿಲು ತೆಗೆದ ಮೇಲೆ ಅದು ಮಾಡುತ್ತಿದ್ದ ಕೆಲಸಕ್ಕೆ ಬೇರೊಂದು ವ್ಯವಸ್ಥೆ ಮಾಡಬೇಕಿತ್ತು, ಮಾಡಲಿಲ್ಲ.

ಅಂತಹ ವ್ಯವಸ್ಥೆ ಇಲ್ಲದಿಲ್ಲ. ‘ಡ್ರಾಪ್ ಸೀಲ್’ ಎಂಬ ಪಟ್ಟಿಯೊಂದನ್ನು ಕದದ ಕೆಳಅಂಚಿನಲ್ಲಿ ಕೂರಿಸುತ್ತಾರೆ. ಬಾಗಿಲು ಮುಚ್ಚಿದಾಗ ಅದರ ಗುಂಡಿ ಬಾಗಿಲವಾಡಕ್ಕೆ ಒತ್ತಿ ರಬ್ಬರ್ ಪಟ್ಟಿ ನೆಲಕ್ಕೆ ಇಳಿಯುತ್ತದೆ, ತೆರೆದಾಗ ಮೇಲೇರುತ್ತದೆ. ಉಳಿದ ಮೂರು ಬದಿಗಳಿಗೆ ಬಾಗಿಲವಾಡದಲ್ಲಿ ಕದ ಬಂದು ಕೂರುವ ತೋಡಿನಲ್ಲಿ ಒಳ್ಳೆಯ ರಬ್ಬರ್ ಗ್ಯಾಸ್ಕೆಟ್, ಅಂದರೆ ಸಂದು ಮುಚ್ಚುವ ಮೆತ್ತನೆಯ ಪಟ್ಟಿ, ಬೇಕು, ಮತ್ತು ಚಿಲಕ ಹಾಕಿದಾಗ ಕದ ಅದನ್ನು ಒತ್ತಿ ಹಿಡಿಯಬೇಕು. ಇವೆಲ್ಲ ಸರಿಯಾಗಿ ಕೂತಿವೆಯೇ ಎಂದು ತಿಳಿಯಲು ಉಪಕರಣ ಬೇಕಿಲ್ಲ: ರಾತ್ರಿ ಈಚೆ ಕೋಣೆಯ ದೀಪ ಆರಿಸಿ, ಆಚೆಯದನ್ನು ಹಚ್ಚಿಟ್ಟು, ಮುಚ್ಚಿದ ಬಾಗಿಲಿನ ಅಂಚುಗಳನ್ನು ನೋಡಬೇಕು, ಬೆಳಕು ಕಂಡಲ್ಲೆಲ್ಲ ಶಬ್ದಕ್ಕೂ ದಾರಿಯಿದೆ. ಇದಲ್ಲದೆ ಬಾಗಿಲವಾಡಕ್ಕೂ ಗೋಡೆಗೂ ನಡುವೆ ಪಟ್ಟಿಯ ಹಿಂದೆ ಅಡಗಿರುವ ಪೊಳ್ಳು, ಬಾಗಿಲ ಮೇಲಿನ ವೆಂಟಿಲೇಟರ್, ಎರಡು ಕೋಣೆಗಳಿಗೂ ಬೆನ್ನಿಗೆ ಬೆನ್ನು ತಾಗಿಸಿ ಕೂರಿಸಿದ ಸ್ವಿಚ್ ಪೆಟ್ಟಿಗೆಗಳು, ಇವನ್ನೂ ನೋಡಿಕೊಳ್ಳಬೇಕು. ಮಲೆನಾಡು ಮತ್ತು ಕರಾವಳಿಯವರಿಗೆ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಮರದ ಕದ ಉಬ್ಬಿ ಸಿಕ್ಕಿಕೊಂಡಿತೆಂದು ಬಡಗಿಯನ್ನು ಕರೆಸಿ ಅಂಚು ಕೀಸಿಸುತ್ತಾರೆ, ಬೇಸಿಗೆಯಲ್ಲಿ ಮರ ಕುಗ್ಗಿದಾಗ ಅಲ್ಲೇ ಸಂದು ಬಾಯಿ ಬಿಡುತ್ತದೆ. ಆದ್ದರಿಂದ ಅಂಚನ್ನು ಕೀಸಿಸುವ ಮೊದಲು ಒಣ ಹವೆಯ ತನಕ ಕಾಯುವುದು ಒಳ್ಳೆಯದು.

ಸಂದು ಮುಚ್ಚಿದ ಮೇಲೆ ಕದದ ಮಾತು. ಇಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ತೂಕ. ಅಂಗಡಿಗಳಲ್ಲಿ ‘ಫ್ಲಶ್ ಡೋರ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕು ಮಾರಾಟವಾಗುತ್ತವೆ. ಒಂದರ ಒಳಗೆ ಜೇನುಗೂಡಿನಂತೆ ಮಡಿಸಿದ ಕಾಗದ ಅಥವಾ ಬರಿಯ ಚೌಕಟ್ಟು ಇರುತ್ತದೆ. ಭಾರತೀಯ ಮಾನಕ ಐಎಸ್ 2191 ಇಂಥ ಪೊಳ್ಳು ಕದಗಳಿಗೆ ಸಂಬಂಧಿಸಿದ್ದು. ಇನ್ನೊಂದರಲ್ಲಿ ಒಳಗೆಲ್ಲ ಗಟ್ಟಿ ತುಂಬಿರುತ್ತದೆ, ಅದರ ಮಾನಕ ಐಎಸ್ 2202. ಮೊದಲನೆಯದು 20 ಡೆಸಿಬೆಲ್ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ಎರಡನೆಯದು ಸಂದುಗಳೆಲ್ಲ ಮುಚ್ಚಿದ್ದರೆ 30ರ ಹತ್ತಿರ ಬರುತ್ತದೆ. ಗೆಣ್ಣಿನಿಂದ ತಟ್ಟಿ ನೋಡಿದರೂ, ಎತ್ತಿ ನೋಡಿದರೂ ವ್ಯತ್ಯಾಸ ತಿಳಿಯುತ್ತದೆ: 35 ಮಿಲಿಮೀಟರ್ ದಪ್ಪದ ಗಟ್ಟಿ ಕದ ಸುಮಾರು 40 ಕಿಲೋ ತೂಗುತ್ತದೆ. ಅಷ್ಟು ಭಾರಕ್ಕೆ ಗಟ್ಟಿಯಾದ ಕೀಲುಗಳು ಬೇಕು, ಇಲ್ಲವಾದರೆ ಕದ ಜೋತು ಮೇಲ್ಮೂಲೆಯಲ್ಲಿ ಮತ್ತೆ ಸಂದು ಬೀಳುತ್ತದೆ. ದುಬಾರಿ ತೇಗದ ಬಾಗಿಲು ಶಬ್ದವನ್ನೂ ತಡೆಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಅದರ ಚೌಕಟ್ಟು ದಪ್ಪವಿದ್ದರೂ ನಡುವೆ ತೆಳುವಾದ ಹಲಗೆಗಳನ್ನು ಕೂರಿಸಿದ್ದರೆ ಶಬ್ದ ಅಲ್ಲಿಂದಲೇ ದಾಟುತ್ತದೆ. ಬಾಗಿಲಿಗೆ ಮೆತ್ತನೆಯ ಫೋಮ್ ಹಾಳೆ ಅಂಟಿಸುವುದಂತೂ ಕೋಣೆಯೊಳಗಿನ ಮಾರ್ದನಿಯನ್ನು ತಗ್ಗಿಸೀತೇ ಹೊರತು ಪಕ್ಕದ ಕೋಣೆಗೆ ಹೋಗುವ ಮಾತನ್ನು ತಡೆಯುವುದಿಲ್ಲ.

ಗೋಡೆಗೆ ಪದರ ಹೊದಿಸಲು ಹೊರಟವರು ಈ ಲೆಕ್ಕವನ್ನು ದಯವಿಟ್ಟು ಗಮನಿಸಬೇಕು. ಬಾಗಿಲೂ ಸೇರಿ ನೂರು ಚದರ ಅಡಿಯ ಗೋಡೆ 45 ಡೆಸಿಬೆಲ್ ತಡೆಯುವಂಥದ್ದಾಗಿದ್ದು, ಬಾಗಿಲು 20 ಮಾತ್ರ ತಡೆಯುವುದಾದರೆ, ಒಟ್ಟಿನ ತಡೆ 27ಕ್ಕೆ ಇಳಿಯುತ್ತದೆ. ಗೋಡೆಯನ್ನು 55ಕ್ಕೆ ಏರಿಸಿದರೂ ಅದು 27ರಲ್ಲೇ ಇರುತ್ತದೆ. ಗೋಡೆ ಮುಟ್ಟದೆ ಬಾಗಿಲನ್ನು 30ಕ್ಕೆ ಏರಿಸಿದರೆ ಒಟ್ಟು 36ಕ್ಕೆ ಬರುತ್ತದೆ. ಹತ್ತು ಡೆಸಿಬೆಲ್ ತಗ್ಗಿದರೆ ನಮ್ಮ ಕಿವಿಗೆ ಶಬ್ದ ಸುಮಾರು ಅರ್ಧವಾದಂತೆ ಕೇಳುತ್ತದೆ. ಹಾಗಾಗಿ ಈ ಒಂಬತ್ತು ಸಣ್ಣದಲ್ಲ.

ಜಾಹೀರಾತುಗಳ ಬಗ್ಗೆ ನನ್ನ ಆಕ್ಷೇಪವೂ ಇದೇ ಲೆಕ್ಕದಿಂದ ಹುಟ್ಟಿದ್ದು. ‘ಶೇ 90ರಷ್ಟು ಶಬ್ದ ತಡೆಯುತ್ತದೆ’ ಎಂಬ ಮಾತು ಶಬ್ದದ ಶಕ್ತಿಯ ಕುರಿತಾಗಿದ್ದರೆ, ಅದು ಕೇವಲ 10 ಡೆಸಿಬೆಲ್. ಸಾಮಾನ್ಯ ಪೊಳ್ಳು ಕದವೇ ಅದಕ್ಕಿಂತ ಹೆಚ್ಚು ತಡೆಯುತ್ತದೆ. ಕೊಳ್ಳುವವರು ಶೇಕಡಾವಾರು ಮಾತನ್ನು ಬದಿಗಿಟ್ಟು ಎಷ್ಟು ಶಬ್ದ ತಡೆಯುತ್ತದೆಂದು ಪ್ರಯೋಗಾಲಯದಲ್ಲಿ ಅಳೆದು ಕೊಡುವ ಎಸ್‌ಟಿಸಿ ಅಥವಾ ಆರ್‌ಡಬ್ಲ್ಯೂ ಎಂಬ ಅಂಕಿಯನ್ನೂ, ಅದು ಬರಿಯ ಕದದ್ದೋ ಅಥವಾ ಬಾಗಿಲವಾಡ, ಗ್ಯಾಸ್ಕೆಟ್, ಕೆಳಪಟ್ಟಿ ಸೇರಿದ ಪೂರ್ಣ ಬಾಗಿಲಿನದ್ದೋ ಎಂಬುದನ್ನೂ ಪರೀಕ್ಷಾ ವರದಿಯಲ್ಲೇ ನೋಡಬೇಕು. ಪ್ರಯೋಗಾಲಯದ ಅಂಕಿಗಿಂತ ಮನೆಯಲ್ಲಿ ಕೆಲವು ಡೆಸಿಬೆಲ್ ಕಡಿಮೆ ಸಿಗುವುದು ಸಹಜ. ಮೇಲ್ಮಹಡಿಯ ಹೆಜ್ಜೆ ಸಪ್ಪಳ, ಕುರ್ಚಿ ಎಳೆಯುವ ಸದ್ದು ತಾರಸಿಯ ಮೂಲಕ ಬರುವುದರಿಂದ ಅದಕ್ಕೆ ಯಾವ ಬಾಗಿಲೂ ಮದ್ದಲ್ಲ.

ಎರಡು ಎಚ್ಚರಿಕೆಗಳನ್ನು ಹೇಳದೆ ಇರಲಾರೆ. ಒಳಗೆ ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯ ಬಾಗಿಲನ್ನು ಯಾವ ಕಾರಣಕ್ಕೂ ಹೀಗೆ ಬಿಗಿಯಾಗಿ ಮುಚ್ಚಿಸಬಾರದು. ಗಾಳಿ ಸಾಲದಾದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ನಿಂದ ನಮ್ಮ ರಾಜ್ಯದಲ್ಲೇ ಜೀವಗಳು ಹೋಗಿವೆ. ಸ್ಪ್ಲಿಟ್ ಎ.ಸಿ. ಸಾಮಾನ್ಯವಾಗಿ ಕೋಣೆಯ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಆದ್ದರಿಂದ ಮಲಗುವ ಕೋಣೆಯಲ್ಲೂ ಕಿಟಕಿಯನ್ನು ಆಗಾಗ ತೆರೆಯಲೇಬೇಕು. ಎರಡನೆಯದಾಗಿ, ವಯಸ್ಸಾದವರು ಅಥವಾ ಕಾಯಿಲೆಯವರು ಒಬ್ಬರೇ ಮಲಗುವ ಕೋಣೆಗೆ ಇಂಥ ಬಾಗಿಲು ಹಾಕಿಸಿದರೆ ಅವರು ಕೂಗಿ ಕರೆದದ್ದು ಹೊರಗೆ ಕೇಳಿಸದೆ ಹೋಗಬಹುದು. ಅಲ್ಲಿ ಹಾಸಿಗೆಯ ಪಕ್ಕ ಕರೆಗಂಟೆಯ ಗುಂಡಿ ಇರಲಿ.

ಹೊರಗಿನ ಶಬ್ದಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿಯಿದೆ. ಮನೆಯೊಳಗಿನ ಕೋಣೆಗಳ ನಡುವಣ ಶಬ್ದಕ್ಕೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಮಾರ್ಗದರ್ಶನವಿದ್ದರೂ ಫ್ಲ್ಯಾಟ್ ಕೊಳ್ಳುವವರ ಕೈಗೆ ಅದರ ಪ್ರಯೋಜನ ತಲುಪುತ್ತಿಲ್ಲ. ಮಾರಾಟದ ಒಪ್ಪಂದದಲ್ಲಿ ನೆಲದ ಟೈಲ್ಸ್, ನಲ್ಲಿಗಳ ವಿವರ ಕಂಪನಿಯ ಹೆಸರಿನ ಸಮೇತ ಇರುತ್ತದೆ. ಕೋಣೆಯ ಬಾಗಿಲಿಗೆ ಬಂದಾಗ ಹಲವೆಡೆ ‘ಫ್ಲಶ್ ಡೋರ್’ ಎಂಬ ಎರಡೇ ಪದ. ಅದು ಗಟ್ಟಿಯೋ ಪೊಳ್ಳೋ, ಯಾವ ಮಾನಕಕ್ಕೆ ಸೇರಿದ್ದು, ಕೆಳಗೆ ಎಷ್ಟು ಸಂದು ಬಿಡಲಾಗುವುದು, ಗ್ಯಾಸ್ಕೆಟ್ ಇದೆಯೇ ಎಂಬುದನ್ನು ಒಪ್ಪಂದದಲ್ಲಿ ಬರೆಯುವಂತೆ ಕರ್ನಾಟಕದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಪ್ರಾಧಿಕಾರವು ನಿರ್ಮಾಣಗಾರರಿಗೆ ಸೂಚನೆ ಕೊಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಆ ಸೂಚನೆ ಬರುವ ತನಕ, ಕೊಳ್ಳುವವರೇ ಸಹಿ ಮಾಡುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಲಿ.

ಇಂತಿ,
ನಿವೃತ್ತ ಸಿವಿಲ್ ಎಂಜಿನಿಯರ್,
ಮೈಸೂರು