ಅಕ್ಕನ ಸಹಿಗೆ ಒಂದು ಸೀರೆ

ಮಾನ್ಯ ಸಂಪಾದಕರೇ,

ಗೌರಿ ಹಬ್ಬ ಹತ್ತಿರ ಬಂತು. ನಮ್ಮ ಕಡೆ ಅಕ್ಕತಂಗಿಯರ ಮನೆಗೆ ಹೋಗಿ ಬಾಗಿನದ ದುಡ್ಡು ಕೊಟ್ಟು ಬರುವ ಕಾಲ. ನಾನೂ ಪ್ರತಿ ವರ್ಷ ಹೂವು, ಬಳೆ, ರವಿಕೆ ಕಣದ ಜೊತೆ ಐನೂರು ರೂಪಾಯಿ ಇಟ್ಟು, ಹೋಳಿಗೆ ಊಟ ಮಾಡಿ ಬರುತ್ತೇನೆ. ಈ ಸಲ ಹೋಗುವ ಮೊದಲು ಒಂದು ವಿಷಯ ಬರೆದುಬಿಡೋಣ ಅನ್ನಿಸಿತು. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಹೆಣ್ಣುಮಕ್ಕಳು ಬರೆಯುವುದನ್ನು ಓದಿದ್ದೇನೆ. ಪಾಲು ಬಿಟ್ಟುಕೊಟ್ಟೆವು ಅಂತ ಅವರಿಂದ ಸಹಿ ಹಾಕಿಸಿಕೊಂಡ ಗಂಡಸರು ಬರೆದದ್ದನ್ನು ಓದಿಲ್ಲ. ನಾನು ಹಾಕಿಸಿಕೊಂಡವನು.

2009ರ ಮಾತು. ಅಪ್ಪ ತೀರಿಕೊಂಡು ಎರಡು ವರ್ಷ ಆಗಿತ್ತು, 4 ಎಕರೆ 10 ಗುಂಟೆ ತೆಂಗಿನ ತೋಟ ಇನ್ನೂ ಅಪ್ಪನ ಹೆಸರಲ್ಲೇ ಇತ್ತು, ನನಗೆ ಬೋರ್‌ವೆಲ್‌ಗೆ ಸಾಲ ಬೇಕಿತ್ತು. 'ಈಗ ಮೊದಲಿನ ಹಾಗಲ್ಲ, ಹೆಣ್ಣುಮಕ್ಕಳ ಸಹಿ ಇಲ್ಲದಿದ್ದರೆ ನಾಳೆ ತಕರಾರು ಬರುತ್ತೆ, ಹಕ್ಕು ಬಿಡುಗಡೆ ಪತ್ರ ಮಾಡಿಸಿಬಿಡಿ' ಅಂತ ಪತ್ರ ಬರೆಯುವವರು ಹೇಳಿದರು. ಅಕ್ಕ, ತಂಗಿ ಇಬ್ಬರೂ ಬೆಳಗಿನ ಬಸ್ಸಿಗೇ ಬಂದರು. ಹೋಟೆಲಿನಲ್ಲಿ ಇಡ್ಲಿ ವಡೆ ಕೊಡಿಸಿದೆ. ಒಬ್ಬೊಬ್ಬರಿಗೆ ಒಂದು ಸೀರೆ, ಐದು ಸಾವಿರ ರೂಪಾಯಿ. ರಿಜಿಸ್ಟ್ರಾರ್ ಆಫೀಸಿನ ಜಗಲಿ ಮೇಲೆ ಪತ್ರ ಬರೆಯುವವರು ಒಂದೇ ಉಸಿರಿಗೆ ಓದಿದರು: ಅರಿಶಿನ ಕುಂಕುಮಕ್ಕೆಂದು ಇಷ್ಟು ಹಣ ಪಡೆದು, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ... ಅಕ್ಕ ಮಧ್ಯೆ ತಡೆದು ನನ್ನನ್ನು ಕೇಳಿದಳು, 'ಇದಕ್ಕೆ ಸಹಿ ಹಾಕಿದ್ರೆ ನಾವು ತವರಿಗೆ ಬರೋ ಹಾಗಿಲ್ವೇನೋ?'

'ಹಾಕದಿದ್ರೆ ಬರೋ ಹಾಗಿಲ್ಲ ನೋಡು' ಅಂದೆ. ಅಲ್ಲಿದ್ದವರೆಲ್ಲ ನಕ್ಕರು. ಅಕ್ಕ ನಗಲಿಲ್ಲ. ಪೆನ್ನು ತಗೊಂಡಳು.

ಆ ತೋಟದ ಕಥೆ ಹೇಳಬೇಕು. ಅಪ್ಪ ಸಸಿ ನೆಟ್ಟಾಗ ಅಕ್ಕ ಏಳನೇ ಕ್ಲಾಸು. ಎರಡು ಬೇಸಿಗೆ ಮಳೆ ಕೈಕೊಟ್ಟಿತು. ಅಕ್ಕನನ್ನು ಸ್ಕೂಲು ಬಿಡಿಸಿದರು. ಬಾವಿಯಿಂದ ಸೇದಿ, ಎರಡು ಸೊಂಟಕ್ಕೂ ಬಿಂದಿಗೆ ಬದಲಾಯಿಸುತ್ತಾ, ಸಾಲಿನ ಕೊನೆಯ ಗಿಡದ ತನಕ ಅವಳೇ ನೀರು ಹೊತ್ತಳು. ನಾನು ಸ್ಕೂಲಿಗೆ ಹೋದೆ. ಇವತ್ತು ಕೊಬ್ಬರಿ ಮಾರಿ ನಾನು ಎಣಿಸುವ ದುಡ್ಡೆಲ್ಲ ಆ ಗಿಡಗಳದ್ದೇ.

ಕಾನೂನಿನ ಕಥೆಯೂ ತಮಾಷೆಯಾಗಿದೆ. ನಮ್ಮ ರಾಜ್ಯದಲ್ಲಿ 1994ರ ಜುಲೈ 30ರಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಸಮಪಾಲು ಬಂತು. ಆದರೆ ಅದಕ್ಕಿಂತ ಮುಂಚೆ ಮದುವೆಯಾದವರಿಗೆ ಇಲ್ಲ. ಅಕ್ಕನ ಮದುವೆ 1991, ತಂಗಿಯದು 1998. ನೀರು ಹೊತ್ತವಳಿಗೆ ಪಾಲಿಲ್ಲ, ಆಮೇಲೆ ಹುಟ್ಟಿದವಳಿಗೆ ಉಂಟು! 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯಿತು. ಆ ದಿನಕ್ಕಿಂತ ಮುಂಚೆಯೇ ಅಪ್ಪ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. (2004ರ ಡಿಸೆಂಬರ್ 20ಕ್ಕಿಂತ ಮುಂಚೆ ಕಾನೂನು ಪ್ರಕಾರ ಪಾಲಾಗಿದ್ದರೆ ಅದು ಬೇರೆ ಮಾತು.) ಇಷ್ಟೆಲ್ಲ ಆಗಿ ನಮ್ಮ ಅಕ್ಕನಿಗೆ ಸಿಕ್ಕಿದ್ದೇನು? ಮೊದಲು ಯಾರೂ ಅವಳನ್ನು ಕೇಳುತ್ತಲೇ ಇರಲಿಲ್ಲ, ಈಗ ಬಸ್ ಹತ್ತಿ ಬಂದು ಸಹಿ ಹಾಕಿ ಹೋಗುವ ಕೆಲಸ ಬಂತು, ಅಷ್ಟೇ.

ನಾಚಿಕೆಯ ಇನ್ನೊಂದು ಮಾತು. ನನ್ನ ಹೆಂಡತಿ ಅವಳ ತವರಿನಲ್ಲಿ ಹೀಗೇ ಸಹಿ ಹಾಕಿ ಬಂದಾಗ ನಾನು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಕಾನೂನು ಎಲ್ಲ ಬಾಯಿಗೆ ಬಂತು ಆವಾಗ. ಅವಳು ಕೇಳಿದ್ದು ಒಂದೇ ಮಾತು, 'ನಿಮ್ಮ ಅಕ್ಕಂಗೆ ಎಷ್ಟು ಕೊಟ್ರಿ?'

ಮದುವೆಗೆ ಖರ್ಚು ಮಾಡಿದ್ದೀವಲ್ಲ ಅನ್ನುತ್ತಾರೆ. ನನ್ನ ಮದುವೆಗೇನು ಪುಕ್ಕಟೆ ಊಟ ಹಾಕಿದರೇ? ಅಪ್ಪ ಅಮ್ಮನನ್ನು ಗಂಡುಮಕ್ಕಳು ನೋಡಿಕೊಳ್ಳುತ್ತಾರೆ ಅನ್ನುತ್ತಾರೆ. ಅಮ್ಮ ಹಾಸಿಗೆ ಹಿಡಿದ ಕೊನೆಯ ಏಳು ತಿಂಗಳು ತಂಗಿಯ ಮನೆಯಲ್ಲಿದ್ದಳು. ಭಾವಂದಿರು ಚುಚ್ಚಿಕೊಟ್ಟು ಕೇಸು ಹಾಕಿಸುತ್ತಾರೆ ಅನ್ನುವುದು ಕೆಲವು ಕಡೆ ನಿಜ ಇರಬಹುದು, ಇಲ್ಲ ಅನ್ನಲ್ಲ. ಆದರೆ ಮೊನ್ನೆ ನಮ್ಮ ಊರಲ್ಲಿ ಪಾಲು ಕೇಳಿದ ಒಬ್ಬ ಹೆಣ್ಣುಮಗಳನ್ನು ಯಾವ ಭಾವನೂ ಕಳಿಸಿರಲಿಲ್ಲ. ಗಂಡ ಇಲ್ಲ, ಎರಡು ಮಕ್ಕಳು. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಅಂತ ಅವಳ ಮುಖಕ್ಕೇ ಹೇಳಿದರು. ಹೇಳಿದವರಲ್ಲಿ ಹೆಂಗಸರೇ ಜಾಸ್ತಿ, ಅವರೆಲ್ಲ ಒಂದು ಕಾಲದಲ್ಲಿ ಸಹಿ ಹಾಕಿ ಬಂದವರೇ.

ಕಂದಾಯ ಇಲಾಖೆಯವರಿಗೆ ಒಂದು ಮಾತು. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಬಿಡುವ ಚಾಳಿ ಇನ್ನೂ ಇದೆ, ಅದನ್ನು ಸರಿಯಾಗಿ ನೋಡಿ. ಹಕ್ಕು ಬಿಡುಗಡೆ ಪತ್ರಕ್ಕೆ ಬಂದ ಹೆಣ್ಣುಮಗಳನ್ನು ಅಣ್ಣತಮ್ಮಂದಿರಿಂದ ದೂರ ಕೂರಿಸಿ, ಎಷ್ಟು ಗುಂಟೆ ಬಿಟ್ಟುಕೊಡುತ್ತಿದ್ದೀಯಮ್ಮ, ಅದರ ಬೆಲೆ ಎಷ್ಟು ಗೊತ್ತಾ ಅಂತ ಕೇಳಿ. ಎರಡು ನಿಮಿಷದ ಕೆಲಸ. ಆವತ್ತು ಅಕ್ಕನನ್ನು ಯಾರಾದರೂ ಹಾಗೆ ಕೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಬರಲಿ.

ಅಮ್ಮನೂ ಈಗಿಲ್ಲ. ತೋಟ ಮೂರು ಪಾಲು ಮಾಡಿದರೆ ಒಬ್ಬೊಬ್ಬರಿಗೆ 1 ಎಕರೆ 16 ಗುಂಟೆ ಚಿಲ್ಲರೆ ಬರುತ್ತದೆ. ದಾನಪತ್ರ ಮಾಡಿಕೊಡುತ್ತೇನೆ ಅಂತ ಹೋದ ತಿಂಗಳು ಇಬ್ಬರಿಗೂ ಫೋನ್ ಮಾಡಿದೆ. ಅಕ್ಕ, 'ಬೇಡ ಬಿಡೋ, ತಮ್ಮನ ಹತ್ರ ಕಿತ್ಕೊಂಡ್ಲು ಅಂತಾರೆ ಜನ' ಅಂದಳು. ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಣ್ಣ, ಬೋರ್‌ವೆಲ್ ಇರೋ ಕಡೆಯೋ, ಕಲ್ಲು ಇರೋ ಕಡೆಯೋ?' ಅಂದಳು.

ನಿಜ ಹೇಳುತ್ತೇನೆ, ನನ್ನ ಮನಸ್ಸಿನಲ್ಲಿ ಇದ್ದದ್ದು ಕಲ್ಲಿನ ಕಡೆಯೇ. ಮೊದಲು ಅಳತೆ ಆಗಲಿ, ಆಮೇಲೆ ನೀವಿಬ್ಬರೂ ಆರಿಸಿಕೊಳ್ಳಿ, ಉಳಿದದ್ದು ನನಗೆ ಅಂದಿದ್ದೇನೆ. ಪಾಲಾಗುವ ಜಮೀನನ್ನು ಅಳೆದು ಗುರುತಿಸುವ 11ಇ ನಕ್ಷೆಗೆ ಅರ್ಜಿ ಕೊಟ್ಟಾಗಿದೆ. ಸರ್ವೆಯವರು ಇನ್ನೂ ಬಂದಿಲ್ಲ.

ಇತಿ,
ಒಬ್ಬ ತೆಂಗು ಬೆಳೆಗಾರ, ತುಮಕೂರು ಜಿಲ್ಲೆ