ನಾನು ಪರೀಕ್ಷೆ ಬರೆಯುತ್ತಿದ್ದಾಗ ಶಾಲೆ ನಡೆಸಿದವರಿಗೆ

ಶೈಕ್ಷಣಿಕ ನೀತಿ ಮತ್ತು ಆಡಳಿತವನ್ನು ವಿಶೇಷ ವಿಷಯವಾಗಿ ಆಯ್ದುಕೊಂಡು ದೂರಶಿಕ್ಷಣದಲ್ಲಿ ಓದುತ್ತಿದ್ದ ಸ್ನಾತಕೋತ್ತರ ಪದವಿಯ ಕೊನೆಯ ಪತ್ರಿಕೆಯ ಫಲಿತಾಂಶ ಕಳೆದ ವಾರ ಬಂದಿದ್ದು, ನಾನು ತೇರ್ಗಡೆಯಾಗಿದ್ದೇನೆ. ಎರಡು ವರ್ಷಗಳಲ್ಲಿ ಮುಗಿಯಬೇಕಿದ್ದ ಓದು ಮೂರು ವರ್ಷ ಹಿಡಿಯಿತು. ಮದ್ದೂರು ತಾಲ್ಲೂಕಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕಿಯಾದ ನನ್ನ ಈ ಓದಿನ ಭಾರವನ್ನು ಹೊತ್ತವರು ಬಹುಮಟ್ಟಿಗೆ ಬೇರೆಯವರಾದ್ದರಿಂದ, ಅವರಿಗೆ ಸಲ್ಲಬೇಕಾದದ್ದನ್ನು ಎಲ್ಲರೆದುರು ಸಲ್ಲಿಸಲು ಇದನ್ನು ಬರೆಯುತ್ತಿದ್ದೇನೆ.

ಮೊದಲ ವಂದನೆ ನನ್ನ ಸಹಶಿಕ್ಷಕಿಗೆ. ನಮ್ಮದು ಐದು ತರಗತಿ, 58 ಮಕ್ಕಳು, ಇಬ್ಬರು ಶಿಕ್ಷಕಿಯರ ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90 ಮಕ್ಕಳಿಗೆ ಮೂವರು ಶಿಕ್ಷಕರಿರಬೇಕು. ಎಂದರೆ ಮೂರನೆಯವರು ಬರಲು ನಮಗೆ ಇನ್ನೂ ಮೂರು ಮಕ್ಕಳು ಬೇಕು. ಕಾಗದದ ಮೇಲೆ ಈ ಅನುಪಾತ ಸರಿಯಾಗಿಯೇ ಇದೆ, ಆದರೆ ಇಬ್ಬರಲ್ಲಿ ಒಬ್ಬರು ರಜೆ ಹಾಕಿದ ದಿನ ಐದೂ ತರಗತಿಗಳು ಉಳಿದವರೊಬ್ಬರ ಪಾಲಿಗೆ ಬರುತ್ತವೆ. ನಾನು ಮೈಸೂರಿನ ಪರೀಕ್ಷಾ ಕೊಠಡಿಯಲ್ಲಿ ಕುಳಿತು ಇದೇ ಅನುಪಾತದ ಬಗ್ಗೆ ಹದಿನೈದು ಅಂಕದ ಉತ್ತರ ಬರೆಯುತ್ತಿದ್ದ ದಿನ, ಅವರು ಎರಡು ಕೊಠಡಿಗಳ ನಡುವಿನ ಬಾಗಿಲು ತೆರೆದು, ಹೊಸ್ತಿಲಿಗೆ ಒತ್ತಿ ಕುರ್ಚಿ ಹಾಕಿಕೊಂಡು, ಎಡಗಡೆ ನಲಿಕಲಿಯ, ಎಂದರೆ ಚಟುವಟಿಕೆ ಮತ್ತು ಕಾರ್ಡುಗಳ ಮೂಲಕ ನಲಿಯುತ್ತಾ ಕಲಿಯುವ ಪದ್ಧತಿಯ, ಚಿಕ್ಕ ಮಕ್ಕಳನ್ನೂ ಬಲಗಡೆ ನಾಲ್ಕು ಮತ್ತು ಐದನೆಯ ತರಗತಿಯವರನ್ನೂ ನೋಡಿಕೊಳ್ಳುತ್ತಿದ್ದರು. ಆ ಕುರ್ಚಿಯ ಕಾಲುಗಳು ಗೀರಿದ ಗುರುತು ನೆಲದ ಮೇಲೆ ಈಗಲೂ ಇದೆ. ಒಂದು ದಿನವೂ ಅವರು ಬೇಸರದ ಮಾತಾಡಲಿಲ್ಲ. ಆಡಿದ್ದರೆ ನನ್ನ ಮನಸ್ಸಿಗೇ ಹಗುರವಾಗುತ್ತಿತ್ತೇನೋ.

ಸಂಪರ್ಕ ತರಗತಿಗಳಲ್ಲಿ ಪಾಠ ಹೇಳಿದ ಗುರುಗಳೆಲ್ಲರಿಗೂ ನಾನು ಋಣಿ. ಅವರಲ್ಲಿ ಒಬ್ಬರು ನೀತಿ ಅನುಷ್ಠಾನದ ಪಾಠವನ್ನು 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದಲೋ 2020ರದ್ದರಿಂದಲೋ ಆರಂಭಿಸದೆ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿಕಲಿಯಿಂದ ಆರಂಭಿಸಿದರು. ಒಂದು ತಾಲ್ಲೂಕಿನ ಶಿಕ್ಷಕರು ರೂಢಿಸಿದ ಪದ್ಧತಿಯನ್ನು ಮುಂದೆ ರಾಜ್ಯವೇ ಸ್ವೀಕರಿಸಿತೆಂಬುದನ್ನು ಅವರು ವಿವರಿಸಿದಾಗ, ವರ್ಷಗಟ್ಟಲೆ ನಲಿಕಲಿ ಕಾರ್ಡುಗಳನ್ನು ಹಂಚಿದ್ದರೂ ಅವು ಎಲ್ಲಿಂದ ಬಂದವೆಂದು ಒಮ್ಮೆಯೂ ಯೋಚಿಸದ ನನಗೆ ನಾಚಿಕೆಯಾಯಿತು.

ಎರಡನೆಯ ವರ್ಷ ಶೈಕ್ಷಣಿಕ ಹಣಕಾಸಿನ ಪತ್ರಿಕೆಯಲ್ಲಿ ನಾನು ಅನುತ್ತೀರ್ಣಳಾದೆ. ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂಬ 1964–66ರ ಶಿಕ್ಷಣ ಆಯೋಗವಾದ ಕೊಠಾರಿ ಆಯೋಗದ ಮಾತನ್ನು ಪುಟ ತುಂಬ ಬರೆದಿದ್ದೆನೇ ಹೊರತು, ಪ್ರಶ್ನೆ ಕೇಳಿದ್ದ ಕೇಂದ್ರ ಮತ್ತು ರಾಜ್ಯಗಳ ಪಾಲಿನ ವಿಚಾರವನ್ನು ಮುಟ್ಟಿರಲಿಲ್ಲ. ಅದೇ ವರ್ಷ ನಾನು ಸಲ್ಲಿಸಿದ್ದ ಒಂದು ಅಸೈನ್‌ಮೆಂಟ್ ಕಚೇರಿಯೊಂದರಲ್ಲಿ ಕಳೆದುಹೋಗಿ ಮತ್ತೆ ಬರೆದುಕೊಡಬೇಕಾಯಿತು. ಓದು ಬಿಡುವ ಯೋಚನೆ ಬಂದದ್ದು ಆಗಲೇ. ಕೊಳ್ಳೇಗಾಲದ ಕಡೆಯ ಸಹಪಾಠಿಯೊಬ್ಬರು ನಮ್ಮ ಶಾಲೆಯ ನಗದು ಪುಸ್ತಕವನ್ನೇ ತರಲು ಹೇಳಿ, ಮೈಸೂರು ರೈಲು ನಿಲ್ದಾಣದ ಬೆಂಚಿನ ಮೇಲೆ ಕುಳಿತು, ಒಂದೊಂದು ಅನುದಾನ ಯಾವ ಲೆಕ್ಕಶೀರ್ಷಿಕೆಯಿಂದ ಬಂದಿತೆಂದು ಪೆನ್ಸಿಲಿನಲ್ಲಿ ಗುರುತಿಸುತ್ತಾ ಇಡೀ ಪತ್ರಿಕೆಯನ್ನು ಬಿಡಿಸಿ ಹೇಳಿದರು. 1976ರ ಸಂವಿಧಾನದ 42ನೆಯ ತಿದ್ದುಪಡಿಯಿಂದ ಶಿಕ್ಷಣವು ರಾಜ್ಯಪಟ್ಟಿಯಿಂದ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಸೇರಿದ ಸಂಗತಿ ನನಗೆ ಅಲ್ಲಿಯವರೆಗೆ ಬಾಯಿಪಾಠ ಮಾತ್ರವಾಗಿತ್ತು. ಒಂದೇ ಮಗುವಿನ ವಿವರವನ್ನು ರಾಜ್ಯದ ಸ್ಯಾಟ್ಸ್ ಎಂಬ ಆನ್‌ಲೈನ್ ದಾಖಲೆಗೂ ಕೇಂದ್ರದ ಯುಡೈಸ್ ಎಂಬ ದಾಖಲೆಗೂ ಎರಡೆರಡು ಬಾರಿ ತುಂಬುವ ನಮ್ಮ ನಿತ್ಯದ ಗೋಳಿಗೂ ಅದಕ್ಕೂ ಇರುವ ನಂಟು ಆ ಬೆಂಚಿನ ಮೇಲೆ ಹೊಳೆಯಿತು.

ನಮ್ಮ ಶಾಲೆಯ ಎಸ್‌ಡಿಎಂಸಿಯ, ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ತಾಯಂದಿರಿಗೆ ನನ್ನ ಕೃತಜ್ಞತೆಯ ಜೊತೆಗೆ ಕ್ಷಮಾಪಣೆಯೂ ಸಲ್ಲಬೇಕು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಪ್ರಕರಣ ಹೇಳುತ್ತದೆ. ನಮ್ಮಲ್ಲಿ ಸಂಖ್ಯೆ ಸರಿಯಾಗಿಯೇ ಇತ್ತು, ಆದರೆ ನಡಾವಳಿ ಪುಸ್ತಕವನ್ನು ನಾನೇ ಬರೆದು ಸಹಿಗೆ ಮುಂದೆ ಚಾಚುತ್ತಿದ್ದೆ. ಶಾಲಾ ಸಮಿತಿಯ ಪಾಠ ಓದಿದ ಮೇಲೆ ಆ ನಡಾವಳಿಯನ್ನು ಮೊದಲ ಬಾರಿಗೆ ಎಲ್ಲರೆದುರು ಪೂರ್ತಿ ಗಟ್ಟಿಯಾಗಿ ಓದಿದಾಗ, ಕಬ್ಬಿನ ಗದ್ದೆಯಿಂದ ನೇರವಾಗಿ ಬಂದಿದ್ದ ಒಬ್ಬ ತಾಯಿ, “ನೀರಿನ ಟ್ಯಾಂಕ್ ತೊಳ್ಸಿದ್ದು ಅಂತ ಬರ್ದಿದ್ದೀರಲ್ಲ ಮೇಡಂ, ಯಾವತ್ತು ತೊಳ್ಸಿದ್ರಿ?” ಎಂದು ಕೇಳಿದರು. ತೊಳೆಸಿರಲಿಲ್ಲ. ಮರುದಿನವೇ ತೊಳೆಸಿದೆವು.

ಭಾನುವಾರದ ಅಡುಗೆಯನ್ನು ನನ್ನಿಂದ ಕಸಿದುಕೊಂಡ ಅತ್ತೆಯವರಿಗೆ, ಮದ್ದೂರು ನಿಲ್ದಾಣದಲ್ಲಿ ರಾತ್ರಿ ಕಾದು ನಿಲ್ಲುತ್ತಿದ್ದ ನಮ್ಮ ಯಜಮಾನರಿಗೆ, ಇಂಗ್ಲಿಷ್ ಪುಸ್ತಕಗಳ ಮುಂದೆ ತಡವರಿಸುತ್ತಿದ್ದ ನನಗೆ ಕನ್ನಡದ ಪುಸ್ತಕಗಳನ್ನು ಹುಡುಕಿ ಎತ್ತಿಡುತ್ತಿದ್ದ ಗ್ರಂಥಾಲಯದ ಸಿಬ್ಬಂದಿಗೆ ನನ್ನ ನಮಸ್ಕಾರಗಳು.

ಈ ಪತ್ರಿಕೆಗಳಿಗೆ ಕನ್ನಡದಲ್ಲಿ ನಾನು ಮಾಡಿಕೊಂಡ ಟಿಪ್ಪಣಿಗಳು ಏಳು ನೋಟ್‌ಬುಕ್‌ಗಳಲ್ಲಿವೆ. ಇದೇ ವಿಷಯ ಓದುತ್ತಿರುವ ಶಿಕ್ಷಕರು ಶಾಲೆ ಬಿಟ್ಟ ಮೇಲೆ ಬಂದು ಆರನ್ನು ಒಯ್ಯಬಹುದು. ಏಳನೆಯದನ್ನು ಸಹಶಿಕ್ಷಕಿ ಆಗಲೇ ಮನೆಗೆ ತೆಗೆದುಕೊಂಡು ಹೋಗಿದ್ದಾರೆ. ಈ ವರ್ಷ ಅವರೂ ಅರ್ಜಿ ಹಾಕುತ್ತಿದ್ದಾರೆ.