ನಾಲ್ಕೇ ಹೋಂ ರನ್, 198 ರನ್

ಚಿ. ಪುಟ್ಟುವಿಗೆ ನಿನ್ನ ಮಾವನ ಆಶೀರ್ವಾದಗಳು.

ನಾವು ಕ್ಷೇಮವಾಗಿ ಊರು ಸೇರಿದೆವು. ಈ ಪತ್ರವನ್ನು ಅಮ್ಮನ ಹತ್ತಿರ ಓದಿಸಿಕೋ. ಮಧ್ಯೆ ಅವಳು ಸೇರಿಸುವ ಬೈಗುಳ ಮಾತ್ರ ನನ್ನದಲ್ಲ.

ಆ ಶನಿವಾರದ ನಿನ್ನ ಬೇಸ್‌ಬಾಲ್ ಆಟ ಇನ್ನೂ ಕಣ್ಣಲ್ಲಿದೆ. ನಾಲ್ಕು ಬಾಲ್ ಅಡ್ಡಾದಿಡ್ಡಿ ಬಂದವು, ನೀನು ಬ್ಯಾಟ್ ಬೀಸಲಿಲ್ಲ, ಅಂಪೈರ್ ವಾಕ್ ಕೊಟ್ಟು ಫಸ್ಟ್ ಬೇಸಿಗೆ, ಅಂದರೆ ಓಟದ ಮೊದಲ ನಿಲ್ದಾಣಕ್ಕೆ, ಕಳಿಸಿದರು. ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡಿಕೊಂಡು ಹೋದೆ. ಅಲ್ಲಿ ನಿಂತು ಶೂ ತುದಿಯಲ್ಲಿ ಮಣ್ಣು ಕೆದಕಿದೆ. ನಿನ್ನ ಗೆಳೆಯ ಜೋರಾಗಿ ಹೊಡೆದಾಗ ಬೇಸ್‌ಗಳನ್ನೆಲ್ಲ ಸುತ್ತಿ ಓಡಿ ಬಂದು, ಬ್ಯಾಟ್ ಹಿಡಿದು ನಿಲ್ಲುವ ಜಾಗದ ಹೋಂ ಪ್ಲೇಟ್ ಮುಟ್ಟಿದೆ. ನಾನು ಎದ್ದು ಚಪ್ಪಾಳೆ ತಟ್ಟಿದೆ. ನೀನು ಕಾರಲ್ಲಿ ಏನಂದೆ? "ಹೊಡೆದವನು ಅವನು ಮಾವ, ನಾನು ಸುಮ್ನೆ ಓಡಿದೆ."

ನಮ್ಮ ಕ್ರಿಕೆಟ್‌ನಲ್ಲಿ ಇಬ್ಬರೂ ಓಡುತ್ತಾರೆ, ಹೊಡೆದವನ ಹೆಸರಿಗೆ ರನ್. ಆಚೆ ತುದಿಯವನಿಗೆ ಬರೀ ಬೆವರು. ನಿಮ್ಮ ಆಟದಲ್ಲಿ ಹೋಂ ಪ್ಲೇಟ್ ಮುಟ್ಟಿದವನ ಹೆಸರಿಗೇ ರನ್ ಬರೆಯುತ್ತಾರೆ. ಆ ರನ್ ನಿನ್ನದೇ ಅಲ್ವಾ?

ಅಮೆರಿಕದ ಬೇಸ್‌ಬಾಲ್‌ನಲ್ಲಿ ಬಿಲ್ಲಿ ಹ್ಯಾಮಿಲ್ಟನ್ ಅಂತ ಒಬ್ಬನಿದ್ದ. ಐದೂವರೆ ಅಡಿ ಆಳು. 1894ರಲ್ಲಿ ಫಿಲಡೆಲ್ಫಿಯಾ ತಂಡಕ್ಕೆ ಆಡುತ್ತಾ 198 ರನ್ ಗಳಿಸಿದ. ಹಳೆಯ ಪುಸ್ತಕಗಳಲ್ಲಿ ಒಂದಿಷ್ಟು ಕಡಿಮೆ ಇದೆ, ಆದರೂ ಒಂದೇ ವರ್ಷದಲ್ಲಿ ಗಳಿಸಿದ ರನ್ನಿನ ದಾಖಲೆ ಅವನದೇ. ಹೋಂ ರನ್‌ಗೇ ಹೆಸರಾದ ಬೇಬ್ ರೂತ್‌ಗೂ 1921ರಲ್ಲಿ 177 ದಾಟಲಾಗಲಿಲ್ಲ. 1894ರಲ್ಲಿ ಹ್ಯಾಮಿಲ್ಟನ್ ಹೊಡೆದ ಹೋಂ ರನ್, ಅಂದರೆ ತನ್ನ ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬಂದದ್ದು, ಎಷ್ಟು ಗೊತ್ತಾ? ನಾಲ್ಕು. ನೀನು ಮುಖ ಸಿಂಡರಿಸಿಕೊಂಡು ತೆಗೆದುಕೊಂಡೆಯಲ್ಲ, ಆ ವಾಕ್ ಅವನಿಗೆ 128 ಸಲ ಸಿಕ್ಕಿತ್ತು. ಬೇಸ್ ಕದ್ದದ್ದು, ಅಂದರೆ ಯಾರೂ ಹೊಡೆಯದೆಯೇ ಮುಂದಿನ ಬೇಸಿಗೆ ಓಡಿದ್ದು, ನೂರು. ಆಗ ಇನ್ನೊಬ್ಬನ ಹೊಡೆತಕ್ಕೆ ಒಂದು ಬೇಸ್ ಜಾಸ್ತಿ ಓಡಿದರೂ ಅದನ್ನು ಕದ್ದದ್ದು ಅಂತಲೇ ಎಣಿಸುತ್ತಿದ್ದರು. ಒಟ್ಟು 1,594 ಆಟದಲ್ಲಿ 1,697 ರನ್. ಆಟಕ್ಕೊಂದಕ್ಕಿಂತ ಜಾಸ್ತಿ!

ಕಾಲವೂ ಅವನಿಗೆ ಒದಗಿ ಬಂತು. 1893ರಲ್ಲಿ ಪಿಚರ್‌ನನ್ನು, ಅಂದರೆ ಬಾಲ್ ಎಸೆಯುವವನನ್ನು, 60 ಅಡಿ 6 ಇಂಚು ದೂರಕ್ಕೆ ಸರಿಸಿದ್ದರು, ಎಲ್ಲರ ರನ್ನೂ ಏರಿತು. ಡೆಲಹ್ಯಾಂಟಿ, ಥಾಂಪ್ಸನ್‌ರಂಥ ಹೊಡೆಯುವವರು ಅದೇ ತಂಡದಲ್ಲಿದ್ದರು. ಹ್ಯಾಮಿಲ್ಟನ್ ಬೇಸ್ ಮೇಲೆ ನಿಂತಿರುತ್ತಿದ್ದ, ಅವರು ಹೊಡೆದು ಅವನನ್ನು ಹೋಂ ಪ್ಲೇಟಿಗೆ ಕರೆಸುತ್ತಿದ್ದರು. ಇಷ್ಟಾದರೂ ತಂಡ ನಾಲ್ಕನೇ ಸ್ಥಾನಕ್ಕೆ ನಿಂತಿತು, ಅದು ಬೇರೆ ಮಾತು.

ಅವನಿಗೂ ಮುಂಚೆ ರಾಸ್ ಬಾರ್ನ್ಸ್. 1876ರಲ್ಲಿ ಶಿಕಾಗೋ ಪರ 66 ಆಟಕ್ಕೆ 126 ರನ್. ಬಾಲು ಮೊದಲು ಗೆರೆಯೊಳಗೆ ಬಿದ್ದು ಆಮೇಲೆ ಹೊರಗೆ ಉರುಳುವ ಹಾಗೆ ಹೊಡೆಯುವುದು ಅವನ ಚಮತ್ಕಾರ. ಆಗಿನ ನಿಯಮದಲ್ಲಿ ಅದೂ ಸರಿಯಾದ ಹೊಡೆತವೇ. ಮರುವರ್ಷ ಆ ನಿಯಮ ತೆಗೆದರು, ಅವನು ಮಂಕಾದ. ನಿಯಮದಿಂದಲೇ ಬಿದ್ದ ಅನ್ನುವವರಿದ್ದಾರೆ, ನಾನು ಪೂರ್ತಿ ಒಪ್ಪುವುದಿಲ್ಲ. ಆ ವರ್ಷ ಜ್ವರ ಹಿಡಿದು ಅವನು ಆಡಿದ್ದೇ 22 ಆಟ. ಆದರೂ ನೀನು ಒಂದೇ ಹೊಡೆತವನ್ನು ನೆಚ್ಚಿಕೊಂಡು ಕೂರಬೇಡ.

ಇನ್ನು ಮೇಲೆ ವಾಕ್ ಸಿಕ್ಕರೆ ನಗುತ್ತಾ ಹೋಗು. ಬೇಸ್ ಮೇಲೆ ನಿಂತಾಗ ಮಣ್ಣು ನೋಡಬೇಡ, ಪಿಚರ್‌ನ ಕಾಲು ನೋಡು. ನಿನ್ನನ್ನು ಓಡಿಸಿಕೊಂಡ ಗೆಳೆಯನಿಗೆ ಒಂದು ಕೈ ತಟ್ಟು, ಅವತ್ತು ಅವನು ಚಾಚಿದ ಕೈ ಹಾಗೇ ಉಳಿಯಿತು.

ಮುಂದಿನ ಆಟದ ವಿಡಿಯೋ ಕಳಿಸಲು ಅಪ್ಪನಿಗೆ ಹೇಳು. ನೀನು ಬ್ಯಾಟ್ ಬೀಸಿದ್ದಷ್ಟೇ ಸಾಲದು, ಬೇಸ್ ಮೇಲೆ ನಿಂತದ್ದೂ ಇರಲಿ.

ಇತಿ,
ನಿನ್ನ ಮಾವ